ಬೋರ್ಡ್‌ಗೆ ಲೈಸೆನ್ಸ್ ಇದೆ, ಕೈಗಳಿಗೆ ಯಾಕಿಲ್ಲ?



ನಮ್ಮ ಯುವಜನ ಸಂಘದಲ್ಲಿ ಕೆಲಸದ ಮಾತು ಬಂದಾಗಲೆಲ್ಲ ನರ್ಸಿಂಗ್, ಬಿ.ಎಡ್., ಪಿಎಸ್‌ಸಿ ಪರೀಕ್ಷೆ, ಗಲ್ಫ್ ಇಷ್ಟರ ಹೆಸರೇ ಕೇಳಿಬರುತ್ತದೆ. ಆದರೆ ನಮ್ಮ ಸುತ್ತಲೇ ಇನ್ನೊಂದು ಕೆಲಸ ಸದ್ದಿಲ್ಲದೆ ಬೆಳೆದಿದೆ. ವೈತ್ತಿರಿ, ಲಕ್ಕಿಡಿ, ಬಾಣಾಸುರ ಸಾಗರದ ಸುತ್ತಮುತ್ತ ರಿಸಾರ್ಟ್‌ಗಳು ಬಂದ ಮೇಲೆ ಆಯುರ್ವೇದ ಮಸಾಜ್ ಮಾಡುವ ಕೈಗಳಿಗೆ ಬೇಡಿಕೆ ಇದೆ. ಮೈಸೂರು, ಬೆಂಗಳೂರು, ಗೋವಾದ ಸ್ಪಾಗಳೂ ಇಲ್ಲಿನ ಹುಡುಗ ಹುಡುಗಿಯರನ್ನು ಕರೆಯುತ್ತವೆ. ಕೇರಳದಿಂದ ಬಂದವರು ಅಂದರೆ ಸಾಕು, ಉಳಿಚ್ಚಿಲ್ ಗೊತ್ತಿರುತ್ತದೆ ಎಂದು ನಂಬುವವರಿದ್ದಾರೆ.

ಈ ಕೆಲಸಕ್ಕೆ ಹೋದವರು ಊರಿಗೆ ಬಂದಾಗ ಏನು ಹೇಳುತ್ತಾರೆ ಗೊತ್ತೇ? "ಹೋಟೆಲ್‌ನಲ್ಲಿ ಕೆಲಸ" ಎನ್ನುತ್ತಾರೆ. ಮಸಾಜ್ ಎಂದರೆ ಮದುವೆ ಮಾತುಕತೆಯೇ ಮುರಿದುಬೀಳುತ್ತದೆ ಎಂಬ ಭಯ. ಸಂಬಳ ತಡವಾದರೂ, ಗಿರಾಕಿ ಕೆಟ್ಟದಾಗಿ ನಡೆದುಕೊಂಡರೂ, ಮನೆಯಲ್ಲಿ ಹೇಳಲು ಬಾಯಿ ಬರುವುದಿಲ್ಲ. ಹೇಳಿದರೆ "ಅಂಥ ಕಡೆ ಯಾಕೆ ಹೋದೆ" ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಅದಕ್ಕೇ ಈ ಸಲ ನಾವು ಈ ವಿಷಯ ಎತ್ತಿಕೊಂಡಿದ್ದೇವೆ. ಮಸಾಜ್ ಕೇಂದ್ರಗಳಿಗೆ ಸರಕಾರ, ಪಂಚಾಯತು, ನಗರಸಭೆಗಳು ಹೇಗೆ ಪರವಾನಗಿ ಕೊಡುತ್ತವೆ? ಆ ಪರವಾನಗಿ ಯಾರನ್ನು ಕಾಪಾಡುತ್ತದೆ? ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಈಗಿರುವ ನಿಯಮಗಳು ಕಟ್ಟಡವನ್ನು ನೋಡುತ್ತವೆ, ಬಾಗಿಲನ್ನು ನೋಡುತ್ತವೆ, ಗಿರಾಕಿಯ ಗುರುತಿನ ಚೀಟಿ ನೋಡುತ್ತವೆ. ಕೆಲಸ ಮಾಡುವ ಮನುಷ್ಯನನ್ನು ನೋಡುವುದು ಬಹಳ ಕಡಿಮೆ. ಇದು ತಿರುಗಬೇಕು.

ಈಗ ಇರುವ ವ್ಯವಸ್ಥೆ

ಕೇರಳದಲ್ಲಿ ಒಂದು ಮಸಾಜ್ ಕೇಂದ್ರ ತೆರೆಯಬೇಕಾದರೆ ಹಲವು ಮೆಟ್ಟಿಲು ಹತ್ತಬೇಕು. ವ್ಯಾಪಾರಕ್ಕೆ ಸ್ಥಳೀಯ ಸಂಸ್ಥೆಯ ಲೈಸೆನ್ಸ್ ಬೇಕು. ವೆಳ್ಳಮುಂಡದಂಥ ಕಡೆ ಅದು ಗ್ರಾಮ ಪಂಚಾಯತಿನ ಕೆಲಸ, 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯ ಅಡಿಯಲ್ಲಿ. ಕೆಲಸಗಾರರಿರುವ ಅಂಗಡಿ ಅಥವಾ ವಾಣಿಜ್ಯ ಸಂಸ್ಥೆಯಾದರೆ 1960ರ ಕಾಯಿದೆಯಂತೆ ಕಾರ್ಮಿಕ ಇಲಾಖೆಯ ನೋಂದಣಿ ಬೇಕು. ಚಿಕಿತ್ಸೆ ಎಂದು ಹೇಳಿಕೊಂಡರೆ ಕೇರಳ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯಿದೆ 2018 ಬರುತ್ತದೆ. ಇದು ಅಲೋಪತಿ ಆಸ್ಪತ್ರೆಗೆ ಮಾತ್ರವಲ್ಲ, ಆಯುರ್ವೇದ ಸಂಸ್ಥೆಗೂ ಅನ್ವಯಿಸುತ್ತದೆ. ಕರ್ನಾಟಕದ ನಗರಗಳಲ್ಲಿ ಪಾಲಿಕೆಯಿಂದ ಉದ್ದಿಮೆ ಪರವಾನಗಿ ಪಡೆಯುತ್ತಾರೆ.

ಇದಲ್ಲದೆ ಕೇರಳ ಪ್ರವಾಸೋದ್ಯಮ ಇಲಾಖೆಯ ವರ್ಗೀಕರಣ ಇದೆ. ಗ್ರೀನ್ ಲೀಫ್, ಆಲಿವ್ ಲೀಫ್ ಎಂಬ ಹೆಸರಿನಲ್ಲಿ ಬಹಳ ಜನರಿಗೆ ಪರಿಚಯವಾದದ್ದು ಇದೇ. ಅದರ ಷರತ್ತುಗಳನ್ನು ಓದಿದರೆ ಯೋಚನೆ ಮಾಡಿ ಬರೆದದ್ದು ಎಂದು ಗೊತ್ತಾಗುತ್ತದೆ. ಅರ್ಹ ಆಯುರ್ವೇದ ವೈದ್ಯರ ಮೇಲ್ವಿಚಾರಣೆ ಇರಬೇಕು. ತರಬೇತಿ ಪಡೆದ ಗಂಡಸರೂ ಹೆಂಗಸರೂ ಮಸಾಜ್ ಮಾಡಲು ಇರಬೇಕು. ಗಂಡಸರಿಗೆ ಗಂಡಸರೇ, ಹೆಂಗಸರಿಗೆ ಹೆಂಗಸರೇ ಮಾಡಬೇಕು. ಚಿಕಿತ್ಸಾ ಕೊಠಡಿಗೆ ಇಷ್ಟು ಅಳತೆ ಬೇಕು, ಅದಕ್ಕೆ ಹೊಂದಿಕೊಂಡು ಸ್ನಾನದ ಮನೆ ಬೇಕು ಎಂದೂ ಇದೆ. ಒಳ್ಳೆಯದೇ. ಆದರೆ ಈ ವರ್ಗೀಕರಣ ಬೇಕಾದವರು ಮಾತ್ರ ಪಡೆಯುವಂಥದ್ದು. ಅದು ಪ್ರವಾಸಿಗೆ ಭರವಸೆ ಕೊಡುವುದಕ್ಕಾಗಿ ಇರುವುದು. ಅದನ್ನು ಪಡೆಯದ ಕೇಂದ್ರವೂ ರಸ್ತೆ ಬದಿಯಲ್ಲಿ "ಆಯುರ್ವೇದ ಮಸಾಜ್" ಎಂದು ಬೋರ್ಡ್ ಹಾಕಿರುತ್ತದೆ. ಪ್ರವಾಸಿಗೆ ಎರಡೂ ಒಂದೇ ರೀತಿ ಕಾಣುತ್ತದೆ. ಅಲ್ಲಿ ಕೆಲಸಕ್ಕೆ ಸೇರುವ ನಮ್ಮ ಮಕ್ಕಳಿಗೂ ಒಂದೇ ರೀತಿ ಕಾಣುತ್ತದೆ.

ವೈದ್ಯರಿಗೆ ಕೌನ್ಸಿಲ್ ಇದೆ. ದಾದಿಯರಿಗೆ ಕೌನ್ಸಿಲ್ ಇದೆ. ಹೆಸರು ಒಂದು ಪಟ್ಟಿಯಲ್ಲಿರುತ್ತದೆ, ತಪ್ಪು ಮಾಡಿದರೆ ತೆಗೆದುಹಾಕುತ್ತಾರೆ, ಅನ್ಯಾಯವಾದರೆ ಹೋಗಿ ಹೇಳಲು ಒಂದು ಬಾಗಿಲಿದೆ. ಮಸಾಜ್ ಮಾಡುವವರಿಗೆ ಅಂಥ ಪಟ್ಟಿ ಇಲ್ಲ. ಸರಕಾರದ ಆಯುರ್ವೇದ ಥೆರಪಿಸ್ಟ್ ಕೋರ್ಸ್ ಮುಗಿಸಿದವರೂ, ನಾಲ್ಕು ದಿನ ಯಾರದ್ದೋ ಪಕ್ಕ ನಿಂತು ನೋಡಿ ಕಲಿತವರೂ ಒಂದೇ ಬಿಳಿ ಅಂಗಿ ಹಾಕಿಕೊಂಡು ಒಂದೇ ಮೇಜಿನ ಪಕ್ಕ ನಿಲ್ಲುತ್ತಾರೆ.

ತರಬೇತಿ ಯಾಕೆ ಬೇಕು?

"ಎಣ್ಣೆ ತಿಕ್ಕುವುದಕ್ಕೂ ಸರ್ಟಿಫಿಕೇಟ್ ಬೇಕಾ?" ಎಂದು ನಮ್ಮ ಹಿರಿಯರೊಬ್ಬರು ನಕ್ಕರು. ವಿಜ್ಞಾನ ಓದಿದವರಾಗಿ ನಾವು ಇದಕ್ಕೆ ಸ್ವಲ್ಪ ವಿವರವಾಗಿ ಉತ್ತರ ಕೊಡಬೇಕು.

ಕಾಲಿನ ಆಳದ ರಕ್ತನಾಳದಲ್ಲಿ ಕೆಲವೊಮ್ಮೆ ರಕ್ತ ಹೆಪ್ಪುಗಟ್ಟುತ್ತದೆ. ಬಹಳ ಹೊತ್ತು ಕುಳಿತು ಪ್ರಯಾಣ ಮಾಡಿದವರಿಗೆ, ಶಸ್ತ್ರಚಿಕಿತ್ಸೆ ಆಗಿ ಮಲಗಿದ್ದವರಿಗೆ, ಗರ್ಭಿಣಿ ಬಾಣಂತಿಯರಿಗೆ ಇದರ ಅಪಾಯ ಹೆಚ್ಚು. ಒಂದು ಕಾಲು ಊದಿಕೊಂಡು ನೋಯುತ್ತದೆ. ಸುಸ್ತಿನ ನೋವು ಎಂದುಕೊಂಡು ಮಸಾಜ್‌ಗೆ ಬರುತ್ತಾರೆ. ಅಲ್ಲಿ ಬಲವಾಗಿ ಒತ್ತಿ ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಜೀವಕ್ಕೇ ಅಪಾಯ. ಕಲಿತ ಥೆರಪಿಸ್ಟ್ ಊದಿದ ಕಾಲು ನೋಡಿದ ಕೂಡಲೇ ಕೈ ತೆಗೆದು "ಮೊದಲು ಡಾಕ್ಟರಿಗೆ ತೋರಿಸಿ" ಎನ್ನುತ್ತಾರೆ. ಕಲಿಯದವರಿಗೆ ಅದು ಗೊತ್ತಿಲ್ಲ.

ಇನ್ನೊಂದು ನಮ್ಮ ಮನೆಮನೆಯ ವಿಷಯ: ಸಕ್ಕರೆ ಕಾಯಿಲೆ. ಹಲವು ವರ್ಷ ಸಕ್ಕರೆ ಇದ್ದವರಿಗೆ ಪಾದದ ನರಗಳು ಸೋತು ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ. ಬಿಸಿ ಕಿಳಿ ಇಟ್ಟರೆ, ಅಂದರೆ ಔಷಧದ ಗಂಟನ್ನು ಬಿಸಿ ಮಾಡಿ ಒತ್ತಿದರೆ, ಚರ್ಮ ಸುಟ್ಟರೂ ಅವರು "ಸಾಕು" ಎನ್ನುವುದಿಲ್ಲ. ಆಮೇಲೆ ಆ ಗಾಯ ಮಾಯುವುದೂ ನಿಧಾನ. ಮೂಳೆ ಸವೆದ ವೃದ್ಧರು, ಜ್ವರ ಇರುವವರು, ಚರ್ಮದ ಸೋಂಕು ಇರುವವರು, ಇವರೆಲ್ಲರ ವಿಷಯದಲ್ಲೂ ಕೇಳಿ ತಿಳಿದುಕೊಂಡು ಕೈ ಇಡಬೇಕು. ಕೈಯಿಂದ ಕೈಗೆ ಸೋಂಕು ದಾಟದಂತೆ ಬಟ್ಟೆ ಒಗೆಯುವುದು, ಮೇಜು ಒರೆಸುವುದು ಕೂಡ ಕಲಿಯಬೇಕಾದ ವಿಷಯಗಳೇ.

ಬೇರೆ ದೇಶಗಳು ಇದನ್ನು ಗಂಭೀರವಾಗಿ ತೆಗೆದುಕೊಂಡಿವೆ. ಜಪಾನಿನಲ್ಲಿ 1947ರಿಂದ ಕಾಯಿದೆ ಇದೆ, ರಾಷ್ಟ್ರೀಯ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1000 ಗಂಟೆಗಳ ಓದು ಬೇಕು. ದಕ್ಷಿಣ ಕೊರಿಯಾದಲ್ಲಂತೂ ಮಸಾಜ್ ಲೈಸೆನ್ಸ್ ದೃಷ್ಟಿ ಇಲ್ಲದವರಿಗೆ ಮಾತ್ರ. ಅವರ ಜೀವನೋಪಾಯ ಕಾಪಾಡಬೇಕೆಂದು ಮಾಡಿದ ಆ ನಿಯಮವನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ 2008ರಲ್ಲಿ ಎತ್ತಿಹಿಡಿಯಿತು. ಈ ಮೂರೂ ಕಡೆ ಒಂದು ಸಮಾನ ಅಂಶ ಗಮನಿಸಿ. ಲೈಸೆನ್ಸ್ ಇರುವುದು ಮನುಷ್ಯನ ಹೆಸರಿನಲ್ಲಿ. ಅಂಗಡಿ ಬಿಟ್ಟು ಬೇರೆ ಅಂಗಡಿಗೆ ಹೋದರೂ ಅದು ಅವರ ಜೊತೆ ಹೋಗುತ್ತದೆ. ಮಾಲೀಕ ಗದರಿಸಿದರೆ "ನನ್ನ ವಿದ್ಯೆ ನನ್ನ ಹತ್ತಿರ ಇದೆ" ಎಂದು ಎದ್ದು ಬರಬಹುದು.

ಅನುಮಾನದಿಂದ ಬರೆದ ನಿಯಮಗಳು

ನಮ್ಮ ದೇಶದ ನಗರಗಳು ನಿಯಮ ಬರೆಯಲು ಹೊರಟಾಗ ಹೆಚ್ಚಾಗಿ ಅನುಮಾನದಿಂದಲೇ ಶುರುಮಾಡಿವೆ. ದೆಹಲಿ ಸರಕಾರ 2021ರಲ್ಲಿ ಸ್ಪಾ ಮತ್ತು ಮಸಾಜ್ ಕೇಂದ್ರಗಳಿಗೆ ಮಾರ್ಗಸೂಚಿ ತಂದಿತು. ಥೆರಪಿಸ್ಟ್‌ಗಳಿಗೆ ಮಾನ್ಯತೆ ಪಡೆದ ಓದು ಇರಬೇಕು, ಕೆಲಸಗಾರರಿಗೆ 18 ವರ್ಷ ತುಂಬಿರಬೇಕು ಎಂಬ ಒಳ್ಳೆಯ ಮಾತುಗಳು ಅದರಲ್ಲಿದ್ದವು. ಜೊತೆಗೆ ಕೊಠಡಿಗೆ ಒಳಗಿನಿಂದ ಚಿಲಕ ಇರಬಾರದು, ಗಿರಾಕಿಯ ಗುರುತಿನ ಚೀಟಿ ಬರೆದಿಡಬೇಕು, ಗಂಡಸರಿಗೆ ಹೆಂಗಸರು ಹೆಂಗಸರಿಗೆ ಗಂಡಸರು ಮಸಾಜ್ ಮಾಡಬಾರದು ಎಂದೂ ಇತ್ತು. ಈ ಕೊನೆಯ ನಿಷೇಧವನ್ನು ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ತಡೆಹಿಡಿಯಿತು. ಉದ್ದೇಶಕ್ಕೂ ನಿಷೇಧಕ್ಕೂ ಸರಿಯಾದ ಸಂಬಂಧ ಮೇಲ್ನೋಟಕ್ಕೆ ಕಾಣುತ್ತಿಲ್ಲ ಎಂಬುದು ನ್ಯಾಯಾಲಯದ ನಿಲುವು.

ತಮಿಳುನಾಡಿನಲ್ಲಿ ಇನ್ನೂ ಸ್ವಾರಸ್ಯ. ಮದ್ರಾಸ್ ಹೈಕೋರ್ಟಿನ ಒಬ್ಬ ನ್ಯಾಯಾಧೀಶರು 2021ರ ಡಿಸೆಂಬರಿನಲ್ಲಿ ಸ್ಪಾಗಳಲ್ಲಿ ಸಿಸಿಟಿವಿ ಇಡಬೇಕೆಂದರು. ಕೆಲವೇ ದಿನಗಳಲ್ಲಿ, 2022ರ ಜನವರಿಯಲ್ಲಿ, ಅದೇ ಹೈಕೋರ್ಟಿನ ಮಧುರೈ ಪೀಠದ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ ಅದು ವ್ಯಕ್ತಿಯ ಖಾಸಗಿತನಕ್ಕೆ, ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದರು. ನಮಗೆ ಎರಡನೆಯದೇ ಸರಿ ಎನಿಸುತ್ತದೆ. ಮೈಗೆ ಎಣ್ಣೆ ಹಚ್ಚಿಸಿಕೊಳ್ಳುವ ಕೊಠಡಿಯಲ್ಲಿ ಕ್ಯಾಮೆರಾ ಇಟ್ಟರೆ ಆ ದೃಶ್ಯ ಯಾರ ಫೋನಿಗೆ ಹೋಗುತ್ತದೆ ಎಂದು ಯಾರು ಹೇಳಬಲ್ಲರು? ಕ್ಯಾಮೆರಾ ಹೊರಬಾಗಿಲಲ್ಲಿ ಇರಲಿ. ಒಳಗೆ ಬೇಕಾದದ್ದು ಥೆರಪಿಸ್ಟ್ ಒತ್ತಿದರೆ ಹೊರಗೆ ಕೇಳುವ ಒಂದು ಬೆಲ್.

ಅನುಮಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಏನಾಗುತ್ತದೆ ಎಂಬುದನ್ನು ಮಂಗಳೂರು ನೋಡಿದೆ. 2025ರ ಜನವರಿಯಲ್ಲಿ ಬಿಜೈನ ಒಂದು ಮಸಾಜ್ ಕೇಂದ್ರಕ್ಕೆ ಒಂದು ಸಂಘಟನೆಯ ಗುಂಪು ನುಗ್ಗಿ ಪೀಠೋಪಕರಣ ಒಡೆದುಹಾಕಿತು. ಆಮೇಲೆ ಪೊಲೀಸರು ಹಲವರನ್ನು ಬಂಧಿಸಿದರು. ಒಳಗೆ ತಪ್ಪು ನಡೆಯುತ್ತಿದೆ ಎಂದು ಯಾರಿಗಾದರೂ ಅನಿಸಿದರೆ ಅದಕ್ಕೆ ಕಾನೂನಿದೆ. 1956ರ ಅನೈತಿಕ ವ್ಯವಹಾರ ತಡೆ ಕಾಯಿದೆ ಶೋಧ ಹೇಗೆ ನಡೆಯಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಅಧಿಕಾರಿಯ ಜೊತೆ ಮಹಿಳಾ ಪೊಲೀಸರು ಇರಬೇಕು, ಆ ಊರಿನ ಗೌರವಸ್ಥರನ್ನು ಸಾಕ್ಷಿಗೆ ಕರೆಯಬೇಕು, ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು. ದೊಣ್ಣೆ ಹಿಡಿದವರಿಗೆ ಅದರಲ್ಲಿ ಜಾಗವಿಲ್ಲ. ಅಮೆರಿಕದ ಅಟ್ಲಾಂಟಾದಲ್ಲಿ 2021ರ ಮಾರ್ಚಿನಲ್ಲಿ ಒಬ್ಬನು ಮೂರು ಸ್ಪಾಗಳಿಗೆ ನುಗ್ಗಿ 8 ಜನರನ್ನು ಗುಂಡಿಟ್ಟು ಕೊಂದ. ಸತ್ತವರಲ್ಲಿ ಆರು ಮಂದಿ ಏಷ್ಯಾ ಮೂಲದ ಹೆಂಗಸರು. ಒಂದು ಕೆಲಸವನ್ನೇ ಸಮಾಜ ಕೀಳಾಗಿ ನೋಡಿದರೆ, ಆ ಕೆಲಸದಲ್ಲಿರುವವರ ಮೇಲೆ ಕೈ ಮಾಡುವುದು ಕೆಲವರಿಗೆ ಸುಲಭವಾಗುತ್ತದೆ.

"ಎಲ್ಲ ಮುಚ್ಚಿಸಿದರೆ ಆಯಿತಲ್ಲ?"

ನಮ್ಮ ಕೆಲವು ತಂದೆ ತಾಯಿಯರು ಹೀಗೆ ಕೇಳಿದ್ದಾರೆ. ಅವರ ಆತಂಕ ಸುಳ್ಳಲ್ಲ. ಮಸಾಜ್ ಬೋರ್ಡಿನ ಹಿಂದೆ ಹೆಣ್ಣುಮಕ್ಕಳನ್ನು ಶೋಷಣೆ ಮಾಡುವ ಜಾಗಗಳಿವೆ. ಕೆಲಸ ಒಂದು ಹೇಳಿ, ಕರೆದುಕೊಂಡು ಹೋಗಿ, ಬೇರೆಯದಕ್ಕೆ ಬಳಸುವ ದಲ್ಲಾಳಿಗಳೂ ಇದ್ದಾರೆ. ಇದನ್ನು ನಾವು ಮುಚ್ಚಿಡುವುದಿಲ್ಲ.

ಆದರೆ ಯೋಚಿಸಿ. ಎಲ್ಲ ಮುಚ್ಚಿದರೆ ಬೋರ್ಡ್ ಮಾತ್ರ ಹೋಗುತ್ತದೆ. ವ್ಯವಹಾರ ಬಾಡಿಗೆ ಮನೆಗೆ, ಫೋನ್ ನಂಬರಿಗೆ ಸರಿಯುತ್ತದೆ. ಅಲ್ಲಿಗೆ ಪಂಚಾಯತು ಹೋಗುವುದಿಲ್ಲ, ಕಾರ್ಮಿಕ ಇಲಾಖೆ ಹೋಗುವುದಿಲ್ಲ. ಒಳಗೆ ಸಿಕ್ಕಿಕೊಂಡ ಹುಡುಗಿಗೆ ಸಹಾಯ ಇನ್ನೂ ದೂರವಾಗುತ್ತದೆ. ಪ್ರಾಮಾಣಿಕವಾಗಿ ಓದಿ, ಸರ್ಟಿಫಿಕೇಟ್ ಪಡೆದು, ಮೈ ಬಗ್ಗಿಸಿ ದುಡಿಯುವವರು ಮಾತ್ರ ಮನೆಗೆ ಬರುತ್ತಾರೆ. 2024ರ ಜುಲೈ 30ರ ಮುಂಡಕ್ಕೈ, ಚೂರಲ್‌ಮಲ ಭೂಕುಸಿತದ ನಂತರ ಪ್ರವಾಸಿಗರು ಬಾರದೆ ಹೋದಾಗ ವಯನಾಡಿನ ರಿಸಾರ್ಟ್ ಕೆಲಸಗಾರರ ಮನೆಗಳಲ್ಲಿ ಏನಾಯಿತು ಎಂದು ನಾವು ಕಣ್ಣಾರೆ ಕಂಡಿದ್ದೇವೆ. ಒಂದು ಕೆಲಸ ನಿಂತರೆ ಒಂದು ಮನೆಯ ಫೀಸು, ಔಷಧಿ, ಸಾಲದ ಕಂತು ಎಲ್ಲವೂ ನಿಲ್ಲುತ್ತದೆ.

ಇದಕ್ಕೆ ಎದುರಾಗಿ ಇನ್ನೊಂದು ಆಕ್ಷೇಪವೂ ಇದೆ. "ನಿಯಮ ಹೆಚ್ಚಾದರೆ ಸಣ್ಣವರು ಸಾಯುತ್ತಾರೆ, ದೊಡ್ಡ ರಿಸಾರ್ಟ್ ಮಾತ್ರ ಉಳಿಯುತ್ತದೆ" ಎಂಬುದು. ಇದರಲ್ಲೂ ಸತ್ಯವಿದೆ. ನಮ್ಮ ಊರುಗಳಲ್ಲಿ ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಯಂದಿರಿದ್ದಾರೆ. ಕಳರಿಯಲ್ಲಿ ಉಳುಕು ತೆಗೆಯುವ ಗುರುಕ್ಕಳ್ ಇದ್ದಾರೆ. ಆದಿವಾಸಿ ಊರುಗಳಲ್ಲಿ ಬೇರು ನಾರು ಬಲ್ಲ ಹಿರಿಯರಿದ್ದಾರೆ. ಓದಿನ ಅರ್ಹತೆ, ನೋಂದಣಿ ಇಲ್ಲದವರು ವೈದ್ಯವೃತ್ತಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಏಪ್ರಿಲಿನಲ್ಲಿ ಕೇರಳದ ಪಾರಂಪರಿಕ ವೈದ್ಯರ ಪ್ರಕರಣದಲ್ಲೇ ಹೇಳಿದೆ. ರೋಗ ವಾಸಿ ಮಾಡುತ್ತೇವೆ ಎಂದು ಹೇಳಿಕೊಳ್ಳುವವರಿಗೆ ಆ ಗೆರೆ ಇರಲೇಬೇಕು. ಆದರೆ ನೆರೆಮನೆಯ ಬಾಣಂತಿಯ ಮೈ ನೀವುವ ಅಜ್ಜಿಯನ್ನು ಲೈಸೆನ್ಸ್ ಕೇಳಿ ಕಚೇರಿಗೆ ಅಲೆಸುವುದು ನ್ಯಾಯವಲ್ಲ. ಬೋರ್ಡ್ ಹಾಕಿ, ಕೆಲಸಗಾರರನ್ನಿಟ್ಟು, ದರಪಟ್ಟಿ ಅಂಟಿಸಿ ವ್ಯಾಪಾರ ಮಾಡುವವರಿಗೆ ನಿಯಮ ಇರಲಿ. ಕೈಗುಣ ಇರುವ ಹಿರಿಯರಿಗೆ ಕುಟುಂಬಶ್ರೀ ಮೂಲಕ ಸಣ್ಣ ತರಬೇತಿ ಕೊಟ್ಟು, ಯಾವಾಗ ಕೈ ಇಡಬಾರದು ಎಂದು ತಿಳಿಸಿದರೆ ಸಾಕು.

ನಾವು ಕೇಳುವುದು ಏನು?

ನಮ್ಮ ಬೇಡಿಕೆ ದೊಡ್ಡದಲ್ಲ. ಲೈಸೆನ್ಸ್ ಕೊಡುವಾಗ, ಹೊಸದಾಗಿಸುವಾಗ ಪಂಚಾಯತು ಈ ಐದು ವಿಷಯ ಕೇಳಲಿ.

ಒಂದು, ಕೆಲಸ ಮಾಡುವ ಪ್ರತಿಯೊಬ್ಬರ ಹೆಸರು, ವಯಸ್ಸು, ಅವರು ಕಲಿತ ಕೋರ್ಸ್. ಈ ಪಟ್ಟಿ ಪಂಚಾಯತಿನಲ್ಲೂ ಇರಲಿ.

ಎರಡು, ನೇಮಕಾತಿ ಪತ್ರ ಕೊಟ್ಟಿದ್ದಾರೆಯೇ, ಸಂಬಳ ಬ್ಯಾಂಕ್ ಖಾತೆಗೆ ಹೋಗುತ್ತದೆಯೇ?

ಮೂರು, ಥೆರಪಿಸ್ಟ್‌ಗೆ ಬೇಡವೆನ್ನುವ ಹಕ್ಕು ಇದೆಯೇ? ಗಿರಾಕಿ ಮಿತಿ ಮೀರಿದರೆ ಕೆಲಸ ಅಲ್ಲಿಗೇ ನಿಲ್ಲಿಸಬಹುದು, ಅದಕ್ಕೆ ಸಂಬಳ ಕತ್ತರಿಸುವುದಿಲ್ಲ ಎಂದು ಗೋಡೆಯ ಮೇಲೆ ಗಿರಾಕಿಗೆ ಕಾಣುವಂತೆ ಬರೆದಿರಬೇಕು. ಗಂಡಸು ಹೆಂಗಸು ಎಂಬ ವಾದಕ್ಕಿಂತ ನಮಗೆ ಇದು ಮುಖ್ಯ. ಯಾಕೆಂದರೆ ಹೆಂಗಸರಿಗೆ ಹೆಂಗಸರೇ ಎಂಬ ನಿಯಮ ಇದ್ದರೂ ಮಾಲೀಕನ ಕಿರುಕುಳ ನಿಲ್ಲುವುದಿಲ್ಲ.

ನಾಲ್ಕು, ದೂರು ಎಲ್ಲಿ ಕೊಡಬೇಕು ಎಂಬುದು ಕೆಲಸಗಾರರಿಗೆ ಗೊತ್ತಿದೆಯೇ? 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯಂತೆ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಆಂತರಿಕ ಸಮಿತಿ ಬೇಕು. ಮಸಾಜ್ ಕೇಂದ್ರಗಳಲ್ಲಿ ಹೆಚ್ಚಾಗಿ ಐದಾರು ಜನ ಇರುತ್ತಾರೆ. ಅಂಥವರಿಗಾಗಿ ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಮಿತಿ ಇರಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಮೂರು ತಿಂಗಳೊಳಗೆ ದೂರು ಕೊಡಬಹುದು. ಮಾಲೀಕನ ಮೇಲೆಯೇ ದೂರಿದ್ದರೂ ಈ ಸಮಿತಿಗೇ ಹೋಗಬಹುದು. ಇದು ಎಷ್ಟು ಹುಡುಗಿಯರಿಗೆ ಗೊತ್ತು?

ಐದು, ಗಿರಾಕಿಯ ಆರೋಗ್ಯದ ಬಗ್ಗೆ ಕೇಳುವ ಒಂದು ಪುಟದ ಚೀಟಿ. ಸಕ್ಕರೆ, ರಕ್ತದೊತ್ತಡ, ಶಸ್ತ್ರಚಿಕಿತ್ಸೆ, ಗರ್ಭ, ಕಾಲು ಊತ. ಇಷ್ಟು ಕೇಳಲು ಎರಡು ನಿಮಿಷ ಸಾಕು.

ಇದು ಆಗದ ಮಾತು ಎಂದು ಯಾರೂ ಹೇಳಬೇಡಿ. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಕೆಲಸ ಮಾಡಬೇಕಿದ್ದ ಹೆಂಗಸರು ಕೂರುವ ಹಕ್ಕು ಕೇಳಿದಾಗಲೂ ಜನ ನಕ್ಕಿದ್ದರು. ಕೋಝಿಕ್ಕೋಡಿನ ಆ ಹೆಂಗಸರು ಬಿಡಲಿಲ್ಲ. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯಿದೆಯನ್ನೇ ತಿದ್ದಿ ಕುರ್ಚಿ ಕೊಡಿಸಿತು. ನಕ್ಕವರ ಅಂಗಡಿಯಲ್ಲೂ ಈಗ ಕುರ್ಚಿ ಇಡಬೇಕಾಗಿದೆ.

ಕೆಲಸಕ್ಕೆ ಹೋಗುವವರಿಗೆ, ಕಳಿಸುವವರಿಗೆ

ಕಾನೂನು ಬದಲಾಗುವವರೆಗೆ ಕಾಯುತ್ತ ಕೂರಲಾಗದು. ಶುಂಠಿ ಬೆಳೆಗೆಂದು ಕೊಡಗು, ಮೈಸೂರಿಗೆ ಹೋಗುವ ನಮ್ಮವರು ಜಮೀನು ಗುತ್ತಿಗೆಗೆ ಹಿಡಿಯುವ ಮೊದಲು ಮಣ್ಣು, ನೀರು, ಯಜಮಾನ ಎಲ್ಲ ನೋಡುತ್ತಾರಲ್ಲವೇ? ಮಗಳನ್ನೋ ಮಗನನ್ನೋ ಸ್ಪಾ ಕೆಲಸಕ್ಕೆ ಕಳಿಸುವಾಗ ಅಷ್ಟಾದರೂ ನೋಡಿ. ಮೊದಲ ಸಲ ಯಾರಾದರೂ ಜೊತೆಗೆ ಹೋಗಿ. ಲೈಸೆನ್ಸ್ ಗೋಡೆಯ ಮೇಲಿದೆಯೇ ನೋಡಿ. ಆಯುರ್ವೇದ ಎಂದಿದ್ದರೆ ವೈದ್ಯರು ಯಾರು, ಎಷ್ಟು ಹೊತ್ತಿಗೆ ಇರುತ್ತಾರೆ ಎಂದು ಕೇಳಿ. ಮೂಲ ಸರ್ಟಿಫಿಕೇಟ್ ಯಾರ ಕೈಗೂ ಕೊಟ್ಟು ಬರಬೇಡಿ, ಜೆರಾಕ್ಸ್ ಸಾಕು. ಉಳಿಯುವ ಜಾಗದ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳಿ. ಮುಂಗಡ ಹಣ ಕೊಟ್ಟು ಕಟ್ಟಿಹಾಕುವವರಿಂದ ದೂರ ಇರಿ. ತೊಂದರೆಯಾದರೆ 112 ಇದೆ, ಕೇರಳದಲ್ಲಿ ಹೆಂಗಸರಿಗೆ 181 ಇದೆ, 18 ತುಂಬದವರಿಗೆ 1098 ಇದೆ.

ಇನ್ನು ಮನೆಯವರಿಗೆ ಒಂದು ಮಾತು. ಮಗಳು ಫೋನ್ ಮಾಡಿ "ಇಲ್ಲಿ ಸರಿ ಇಲ್ಲ" ಎಂದರೆ ಮೊದಲು "ಬಾ, ಮನೆಗೆ ಬಾ" ಎನ್ನಿ. ಕಾರಣ ಆಮೇಲೆ ಕೇಳಿ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡ ಮಕ್ಕಳೇ ಅಪಾಯದಲ್ಲಿ ಹೆಚ್ಚು ದಿನ ಉಳಿಯುತ್ತಾರೆ. ಆ ನಾಚಿಕೆಯನ್ನು ಅವರ ಮೇಲೆ ಹೊರಿಸುವವರು ನಾವೇ. ಆಸ್ಪತ್ರೆಯಲ್ಲಿ ರೋಗಿಯ ಮೈ ಒರೆಸುವ ನರ್ಸ್‌ಗೆ ನಾವು ಗೌರವ ಕೊಡುತ್ತೇವೆ. ನೋವಿರುವ ಬೆನ್ನಿಗೆ ಎಣ್ಣೆ ಹಚ್ಚುವ ಕೈಗೂ ಅದೇ ಗೌರವ ಸಲ್ಲಬೇಕು. ಅವರು ಊರಿಗೆ ಬಂದಾಗ ತಮ್ಮ ಕೆಲಸದ ಹೆಸರನ್ನು ತಾವೇ ಬಾಯಿಬಿಟ್ಟು ಹೇಳುವಂತಾಗಬೇಕು.

ಮುಂದಿನ ಗ್ರಾಮಸಭೆಯಲ್ಲಿ ನಾವು ಈ ಐದು ಅಂಶಗಳನ್ನು ಬರೆದುಕೊಂಡು ಹೋಗಿ ಓದುತ್ತೇವೆ. ಮಲಯಾಳದಲ್ಲೂ ಒಂದು ಪ್ರತಿ ಮಾಡಿ ವಾರ್ಡ್ ಸದಸ್ಯರಿಗೆ ಕೊಡುತ್ತೇವೆ. ಈ ಕೆಲಸದಲ್ಲಿರುವವರು, ಇದ್ದು ಬಿಟ್ಟವರು ನಮ್ಮ ಜೊತೆ ಮಾತಾಡಿ. ಹೆಸರು ಹೊರಗೆ ಹೋಗುವುದಿಲ್ಲ. ನಾವು ಬರೆದ ಐದರಲ್ಲಿ ತಪ್ಪಿದ್ದರೆ ತಿದ್ದಿ, ಆರನೆಯದು ಬೇಕಿದ್ದರೆ ಸೇರಿಸಿ. ಗ್ರಾಮಸಭೆಗೆ ಹತ್ತು ಜನ ಬಂದರೆ ಅದು ಹತ್ತು ಜನರ ಮಾತು. ಮನೆಗೊಬ್ಬರು ಬಂದರೆ ಊರಿನ ಮಾತು.

ಪ್ರೀತಿಯಿಂದ,
ಧರ್ಮಕೇಂದ್ರದ ಯುವಜನ ಸಂಘದ ಪರವಾಗಿ